“ನೀವು ಎಲ್ಲಿವರೆಗೆ ಆಡಿದ್ದೀರಿ ಮೇಡಂ?”

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಈ ಪ್ರಶ್ನೆ ಬರುತ್ತದೆ. ಪರೀಕ್ಷೆ ಮುಗಿದ ವಾರದಲ್ಲೇ ಅಪ್ಪ ಅಮ್ಮಂದಿರು ಮಕ್ಕಳನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಬರುತ್ತಾರೆ. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ನಾನು ಮರಳು ಕೆದರುವುದನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ಹತ್ತಿರ ಬಂದು ಕೇಳುತ್ತಾರೆ, “ನೀವು ಎಲ್ಲಿವರೆಗೆ ಆಡಿದ್ದೀರಿ ಮೇಡಂ?”

ನಾನು ಉದ್ದ ಜಿಗಿತ ಕಲಿಸುತ್ತೇನೆ. ಶಿವಮೊಗ್ಗದ ಸವಳಂಗ ರಸ್ತೆ ಕಡೆಯ ಒಂದು ಮೈದಾನದಲ್ಲಿ, ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಐದರಿಂದ ಆರೂವರೆ. ತಿಂಗಳಿಗೆ 800 ರೂಪಾಯಿ ಫೀಸು. ಮಧ್ಯಾಹ್ನ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೀಗೆ ಹದಿನಾಲ್ಕು ವರ್ಷ ಆಯಿತು.

ಉತ್ತರ ಹೇಳುತ್ತೇನೆ. “ರಾಜ್ಯ ಮಟ್ಟ. 5 ಮೀಟರ್ 31 ಸೆಂಟಿಮೀಟರ್.”

ಕೆಲವರು ತಲೆಯಾಡಿಸುತ್ತಾರೆ. ಕೆಲವರ ಮುಖ ಸ್ವಲ್ಪ ಇಳಿಯುತ್ತದೆ. “ನ್ಯಾಷನಲ್ ಆಡಿಲ್ವಾ?” ಅಂತ ಇನ್ನೊಮ್ಮೆ ಕೇಳುತ್ತಾರೆ. ಕೇಳಬಾರದು ಅಂತ ನಾನು ಹೇಳುವುದಿಲ್ಲ. ಮಗುವನ್ನು ಬಿಟ್ಟು ಹೋಗುವವರು ವಿಚಾರಿಸಲೇಬೇಕು. ಆದರೆ ಕೋಚ್ ಎಲ್ಲಿವರೆಗೆ ಆಡಿದ್ದಾರೆ ಅನ್ನುವುದಕ್ಕಿಂತ, ಆಟ ಮುಗಿದ ಮೇಲೂ ಯಾಕೆ ಮೈದಾನ ಬಿಟ್ಟು ಹೋಗಲಿಲ್ಲ ಅಂತ ಕೇಳಿದರೆ ಜಾಸ್ತಿ ವಿಷಯ ತಿಳಿಯುತ್ತದೆ. ನನ್ನನ್ನು ಯಾರೂ ಹಾಗೆ ಕೇಳಿಲ್ಲ. ಕೇಳಿದ್ದರೂ ಎರಡು ವರ್ಷದ ಹಿಂದಿನವರೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಆಡಿದ್ದೇ ಅಳತೆಯಾಗಿದ್ದರೆ ರಮಾಕಾಂತ್ ಅಚ್ರೇಕರ್ ಅವರ ಹತ್ತಿರ ಯಾರೂ ಮಕ್ಕಳನ್ನು ಕಳಿಸುತ್ತಿರಲಿಲ್ಲ. ಸಚಿನ್ ತೆಂಡೂಲ್ಕರ್ ಅವರನ್ನು ತಯಾರು ಮಾಡಿದ ಅಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. ಪಿ.ಟಿ. ಉಷಾ ಅವರ ಕೋಚ್ ಒ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದವರು, ಆಮೇಲೆ ಪಟಿಯಾಲದಲ್ಲಿ ಕೋಚಿಂಗ್ ಕಲಿತರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮರುವರ್ಷ ಕೋಚ್‌ಗಳಿಗೆಂದೇ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಸಾಲಿನಲ್ಲೇ ನಂಬಿಯಾರ್ ಹೆಸರಿತ್ತು.

ಯಾರ ಲೈಸೆನ್ಸೂ ಇಲ್ಲದೆ ಖಾಸಗಿ ಕೋಚ್ ಆದವರು ನಮ್ಮಂಥ ಊರಿನಲ್ಲಿ ಬೇಕಾದಷ್ಟಿದ್ದಾರೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ. ಅಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಬಿ.ಪಿ.ಎಡ್. ಅಂದರೆ ದೈಹಿಕ ಶಿಕ್ಷಣದ ಪದವಿ ಮಾಡಿದವರು ಇದ್ದಾರೆ. ಇದ್ಯಾವುದೂ ಇಲ್ಲದೆ ಒಂದು ಸೀಟಿ, ಒಂದು ಬ್ಯಾನರ್ ಇಟ್ಟುಕೊಂಡು ಕಲಿಸುವವರೂ ಇದ್ದಾರೆ. ಸರ್ಟಿಫಿಕೇಟ್ ಇದ್ದರೆ ತೋರಿಸಿ ಅಂತ ಕೇಳಿ, ಸಂಕೋಚ ಬೇಡ. ಹಾಗೆಯೇ ಒಂದು ದಿನ ಹೇಳದೆ ಕೇಳದೆ ಬಂದು ಮೈದಾನದ ಬದಿಯಲ್ಲಿ ಕೂತುಕೊಳ್ಳಿ. ನೀವು ಕೂತಿದ್ದಕ್ಕೆ ಯಾವ ಕೋಚ್‌ಗೆ ಕಿರಿಕಿರಿ ಆಗುತ್ತದೋ ಅವರ ಹತ್ತಿರ ಮಗುವನ್ನು ಬಿಡಬೇಡಿ. ಹೆಣ್ಣುಮಗು ಇರಲಿ, ಗಂಡುಮಗು ಇರಲಿ. ಈ ಮಾತಿನಲ್ಲಿ ನಾನು ಯಾವ ರಾಜಿಯನ್ನೂ ಮಾಡಿಕೊಳ್ಳುವುದಿಲ್ಲ.

ಇಷ್ಟು ವರ್ಷದಲ್ಲಿ ಈ ಊರಿನ ಬೇರೆ ಬೇರೆ ಆಟದ ಕೋಚ್‌ಗಳ ಪರಿಚಯ ಆಗಿದೆ. ಬೆಳಿಗ್ಗೆ ನೆಹರೂ ಕ್ರೀಡಾಂಗಣದ ಹತ್ತಿರ ಟೀ ಕುಡಿಯುವಾಗ ಸಿಗುತ್ತಾರೆ. ಒಬ್ಬೊಬ್ಬರದೂ ಒಂದೊಂದು ಕಥೆ.

ಒಬ್ಬರು ಸೇನೆಯಿಂದ ನಿವೃತ್ತರಾದವರು, ನಾವೆಲ್ಲ ಹವಾಲ್ದಾರ್ ಸರ್ ಅನ್ನುತ್ತೇವೆ. ಸೈನ್ಯಕ್ಕೆ, ಪೊಲೀಸ್‌ಗೆ ಸೇರಲು ಓಡುವ ಹುಡುಗರನ್ನು ತಯಾರು ಮಾಡುತ್ತಾರೆ. ಸೊರಬ, ಶಿಕಾರಿಪುರದ ಕಡೆಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗರು. 1600 ಮೀಟರ್ ಓಟ, ಪುಲ್ ಅಪ್, ಒಂಬತ್ತು ಅಡಿ ಹಳ್ಳ ಹಾರುವುದು. ಆಯ್ಕೆ ಆಗುವವರೆಗೆ ಅವರು ಫೀಸು ತಗೊಳ್ಳುವುದಿಲ್ಲ. ಆಯ್ಕೆಯಾದ ಹುಡುಗ ಮೊದಲ ಸಂಬಳದಲ್ಲಿ ಏನು ತಂದುಕೊಟ್ಟರೂ ಸರಿ. ಯಾಕೆ ಸರ್ ಅಂದರೆ, “ನಾನು ಮೊದಲನೇ ಸಲ ಸೈನ್ಯದ ಭರ್ತಿ ರ‍್ಯಾಲಿಗೆ ಹೋದಾಗ ಮೊದಲ ಸುತ್ತಿನಲ್ಲೇ ದಮ್ಮೆಲ್ಲ ಖರ್ಚು ಮಾಡ್ಕೊಂಡು ಕೊನೆ ಸುತ್ತಲ್ಲಿ ಬಿದ್ದೆ. ಮೊದಲು ನಿಧಾನ ಹೋಗೋ ಅಂತ ಹೇಳೋರು ಒಬ್ರೂ ಇರ್ಲಿಲ್ಲ” ಅಂದರು. ಅವರು ಕಲಿಸುವುದಕ್ಕೆ ಕಾರಣ ಅದೊಂದೇ. ಈಗಲೂ ಮೊದಲ ಸುತ್ತಿನಲ್ಲಿ ಯಾರಾದರೂ ಜೋರಾಗಿ ಓಡಿದರೆ ಮೈದಾನದ ಆ ತುದಿಯಿಂದ ಕೂಗುತ್ತಾರೆ.

ಇನ್ನೊಬ್ಬರು ಕ್ರಿಕೆಟ್ ಸರ್. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದು, ಅಲ್ಲೇ ಕೆಲಸ ಮಾಡಿ ನಿವೃತ್ತರಾದವರು. 1969ರಲ್ಲಿ ಅವರಿಗೆ ಹತ್ತು ವರ್ಷ. ಭದ್ರಾವತಿಯಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ ಆ ವರ್ಷ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಪಕ್ಕದ ಮನೆ ರೇಡಿಯೋ ಮುಂದೆ ಕೂತಿದ್ದ ಈ ಹುಡುಗನಿಗೆ ಸೊನ್ನೆಯಾದ ದಿನ ಅನ್ನ ಸೇರಲಿಲ್ಲವಂತೆ. “ನಮ್ಮೂರಿನವನು ಸೊನ್ನೆ ಹೊಡೆದ. ಆಮೇಲೆ ನಮ್ಮೂರಿನವನೇ ನೂರು ಹೊಡೆದ. ಎರಡೂ ನಾನೇ ಹೊಡೆದ ಹಾಗಿತ್ತು” ಅನ್ನುತ್ತಾರೆ. ಅವರು ಸ್ವತಃ ಕಾರ್ಖಾನೆ ತಂಡದ ಆಚೆ ಆಡಿದವರಲ್ಲ. ಅರವತ್ತು ದಾಟಿದ ಮೇಲೂ ಭುಜಕ್ಕೆ ಟವೆಲ್ ಹಾಕಿಕೊಂಡು, ಒಬ್ಬೊಬ್ಬ ಹುಡುಗನಿಗೂ ಐವತ್ತೈವತ್ತು ಚೆಂಡು ಎಸೆಯುತ್ತಾರೆ. ಸ್ಕ್ವೇರ್ ಕಟ್ ಕಲಿಯದವನನ್ನು ಅವರು ನೆಟ್ಸ್‌ನಿಂದ ಹೊರಗೆ ಬಿಡುವುದಿಲ್ಲ. ಹುಡುಗರಿಗೆ ಎತ್ತಿ ಹೊಡೆಯುವ ಆಸೆ. ಇವರಿಗೆ ವಿಶ್ವನಾಥ್ ಹೆಸರಾದ ಆ ಕಟ್ ಈ ಜಿಲ್ಲೆಯಲ್ಲಿ ಉಳಿಯಬೇಕು ಅನ್ನುವ ಆಸೆ.

ಮೂರನೆಯವನು ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಾನೆ. ಇಂಜಿನಿಯರಿಂಗ್ ಓದಿದ. ಬೆಂಗಳೂರಲ್ಲಿ ಕೆಲಸ ಬಿಟ್ಟು ಬಂದು, ಬ್ಯಾಂಕ್ ಸಾಲ ಮಾಡಿ, ಶೀಟಿನ ಮಾಡಿನ ಕೆಳಗೆ ಎರಡು ಷಟಲ್ ಕೋರ್ಟ್ ಹಾಕಿದ. ಫೀಸು ನನ್ನದಕ್ಕಿಂತ ಮೂರು ಪಟ್ಟು. ಅವನ ಬಗ್ಗೆ ಜನ “ದುಡ್ಡಿಗೋಸ್ಕರ ಮಾಡ್ತಾನೆ” ಅಂತ ಹಗುರವಾಗಿ ಮಾತಾಡುವುದು ಕೇಳಿದ್ದೇನೆ. ನನಗೆ ಆ ಮಾತು ಹಿಡಿಸುವುದಿಲ್ಲ. ಹೌದು, ತಿಂಗಳ ಐದನೇ ತಾರೀಕು ಅವನಿಗೆ ಕಂತು ಕಟ್ಟಬೇಕು. ಅದಕ್ಕೇ ಒಂದು ದಿನವೂ ಬಾಗಿಲು ಮುಚ್ಚುವುದಿಲ್ಲ. ಒಂದು ಮಗು ಬಿಟ್ಟು ಹೋದರೆ ಅವತ್ತು ರಾತ್ರಿಯೇ ಮನೆಗೆ ಫೋನ್ ಮಾಡಿ ಏನಾಯಿತು ಅಂತ ಕೇಳುತ್ತಾನೆ. ಗರಿಯ ಷಟಲ್ ಡಬ್ಬಕ್ಕೆ ಈಗ ಎಷ್ಟು ಬೆಲೆ ಅಂತ ಅಂಗಡಿಯಲ್ಲಿ ಕೇಳಿ ನೋಡಿ. 2001ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಪುಲ್ಲೇಲ ಗೋಪಿಚಂದ್ ಅವರಂಥವರೇ ಹೈದರಾಬಾದಿನಲ್ಲಿ ಅಕಾಡೆಮಿ ಕಟ್ಟಲು ಮನೆ ಅಡವಿಡಬೇಕಾಯಿತು. ಆಟ ಕಲಿಸಿ ಹೊಟ್ಟೆ ಹೊರೆಯುವುದು ಗೌರವದ ಕೆಲಸ. ಅಡಿಕೆ ತೋಟ ಮಾಡುವವರು ಲಾಭ ನೋಡಬಹುದು, ಕೋಚ್ ನೋಡಬಾರದು ಅಂದರೆ ಹೇಗೆ?

ಸರಿ, ಈಗ ನನ್ನ ಕಥೆ.

ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯವಳು. ಸರ್ಕಾರಿ ಹೈಸ್ಕೂಲು. ನಮ್ಮ ಪಿ.ಟಿ. ಮೇಷ್ಟ್ರು ಬಿಜಾಪುರದ ಕಡೆಯವರು. ಮಲೆನಾಡಿನ ಶಾಲೆಗಳಲ್ಲಿ ಓದಿದವರಿಗೆ ಗೊತ್ತು, ಆಗ ಪಿ.ಟಿ. ಮೇಷ್ಟ್ರು ಅಂದರೆ ಎಷ್ಟೋ ಕಡೆ ಬಯಲುಸೀಮೆಯವರೇ. ಶಾಲೆ ಹಿಂದಿನ ಗದ್ದೆ ಬದುವಿನ ಹತ್ತಿರ ಅವರೇ ಗುದ್ದಲಿ ಹಿಡಿದು ಗುಂಡಿ ತೋಡಿದರು. ಹೊಳೆಯಿಂದ ಗೋಣಿಚೀಲದಲ್ಲಿ ಮರಳು ತಂದು ಹಾಕಿದೆವು. ಓಟ ಶುರು ಮಾಡುವ ಜಾಗಕ್ಕೆ ಗುರುತು ಒಂದು ತೆಂಗಿನ ಕರಟ. ಆ ಕರಟವನ್ನು ಅರ್ಧ ಪಾದ ಹಿಂದೆ, ಒಂದು ಪಾದ ಮುಂದೆ ಸರಿಸುತ್ತಾ ಸರಿಸುತ್ತಾ ನನ್ನ ಹೆಜ್ಜೆ ಗುಂಡಿಯ ಮುಂದಿನ ಜಿಗಿಯುವ ಹಲಗೆಗೆ ಸರಿಯಾಗಿ ಬೀಳುವ ಹಾಗೆ ಮಾಡಿದರು. ಮೇಷ್ಟ್ರು ನನ್ನಲ್ಲಿ ಏನೋ ಪ್ರತಿಭೆ ಕಂಡಿದ್ದಾರೆ, ಅದಕ್ಕೇ ಇಷ್ಟು ಕಷ್ಟಪಡುತ್ತಾರೆ ಅಂತ ನಾನು ನಂಬಿದ್ದೆ. ಮುಂದಿನ ಇಪ್ಪತ್ತೈದು ವರ್ಷ ಅದೇ ನಂಬಿಕೆಯ ಮೇಲೆ ಬದುಕಿದೆ.

2003ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಜು ಬಾಬಿ ಜಾರ್ಜ್ 6.70 ಮೀಟರ್ ಜಿಗಿದು ಕಂಚು ಗೆದ್ದರು. ಪೇಪರಿನಲ್ಲಿ ಬಂದ ಫೋಟೊ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ. ಆಗ ನನಗೆ ಇಪ್ಪತ್ತೊಂದು. ಮೂರು ತಿಂಗಳಾದ ಮೇಲೆ ಒಂದು ಕೂಟದಲ್ಲಿ, ಸರಿಯಾಗಿ ಕೆದರದೆ ಗಟ್ಟಿಯಾಗಿದ್ದ ಮರಳಿನ ಮೇಲೆ ಬಿದ್ದು ನನ್ನ ಎಡಗಾಲಿನ ಹರಡು ತಿರುಚಿತು. ಎಲುಬು ಮುರಿಯಲಿಲ್ಲ. ಆದರೆ ಆ ಕಾಲಿನ ಮೇಲೆ ಮೊದಲಿನ ಭರವಸೆ ಮತ್ತೆ ಬರಲಿಲ್ಲ. 5.31 ಅಲ್ಲೇ ನಿಂತಿತು.

ಅಂಜು ಅವರ ಕೋಚ್ ಅವರ ಗಂಡ ಬಾಬಿ ಜಾರ್ಜ್ ಅನ್ನುವುದು ಆ ದಿನಗಳಲ್ಲೇ ಓದಿದ್ದು. ಅವರೂ ಟ್ರಿಪಲ್ ಜಂಪ್ ಆಟಗಾರ. ತಮ್ಮ ಆಟ ಬದಿಗಿಟ್ಟು ಹೆಂಡತಿಯ ಆಟಕ್ಕೆ ನಿಂತರು. ಆಟ ನಿಂತ ಮೇಲೂ ಮರಳಿನ ಹತ್ತಿರ ಇರಬಹುದು ಅಂತ ನನಗೆ ಹೊಳೆದದ್ದು ಆಗಲೇ. ಬಿ.ಪಿ.ಎಡ್. ಮಾಡಿದೆ. ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಡಿಸೆಂಬರ್ ಬಂದರೆ ನನ್ನ ಪೀರಿಯಡ್ಡೆಲ್ಲ ಗಣಿತಕ್ಕೆ ಹೋಗುತ್ತಿತ್ತು, ನನ್ನನ್ನು ಪರೀಕ್ಷೆ ಹಾಲಿನಲ್ಲಿ ನಿಲ್ಲಿಸುತ್ತಿದ್ದರು. ಬಿಟ್ಟೆ. ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬ ಕಟ್ಟಿಕೊಂಡು ಪಟಿಯಾಲಕ್ಕೆ ಹೋಗಿ ಆರು ವಾರದ ಕೋರ್ಸ್ ಮುಗಿಸಿದೆ. ಬಂದು ಈ ಗುಂಡಿ ತೋಡಿಸಿದೆ.

ಗುಂಡಿ ನೋಡಿಕೊಳ್ಳುವುದೇ ಅರ್ಧ ಕೆಲಸ. ತುಂಗಾ ಹೊಳೆಯ ಮರಳು ಒಂದು ಲೋಡು ಹಾಕಿಸಿ, ಎಲ್ಲವನ್ನೂ ಜರಡಿ ಹಿಡಿಯಬೇಕು. ಕಲ್ಲು, ಕಡ್ಡಿ, ಒಮ್ಮೆ ಬಾಟಲಿಯ ಗಾಜಿನ ಚೂರೂ ಸಿಕ್ಕಿತ್ತು. ಬೇಸಿಗೆಯಲ್ಲಿ ಬೆಳಿಗ್ಗೆ ನಾಲ್ಕು ಕೊಡ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಮಗು ಬಿದ್ದ ಗುರುತೇ ಕುಸಿದುಹೋಗುತ್ತದೆ. ಅಳೆಯುವುದು ಆ ಗುರುತಿನಿಂದಲೇ. ಹಲಗೆಗೆ ಅತಿ ಹತ್ತಿರದ ಗುರುತು ಯಾವುದೋ ಅದು, ಕೈ ಹಿಂದೆ ಊರಿದ್ದರೆ ಕೈಯಿನದೇ ಲೆಕ್ಕ. ಮಳೆಗಾಲದಲ್ಲಿ ಮರಳು ಒದ್ದೆಯಾಗಿ ಸಿಮೆಂಟಿನಷ್ಟು ಬಿಗಿಯುತ್ತದೆ. ಆಗ ಟಾರ್ಪಾಲು ಮುಚ್ಚಿಬಿಡುತ್ತೇನೆ. ಗಟ್ಟಿ ಮರಳಿನ ಮೇಲೆ ನನ್ನ ಮಕ್ಕಳು ಜಿಗಿಯುವುದಿಲ್ಲ. ಅಷ್ಟು ಎಚ್ಚರ ನನಗಿತ್ತು.

ಆದರೂ ನನ್ನ ಕಣ್ಣಿಗೆ ಒಂದು ಕಾಣಲಿಲ್ಲ.

ಎರಡು ವರ್ಷದ ಹಿಂದೆ ಹನ್ನೆರಡು ವರ್ಷದ ಒಬ್ಬ ಹುಡುಗಿ ಬರುತ್ತಿದ್ದಳು. ಗಾಜನೂರು ಕಡೆಯ ಬಸ್ಸಿನಲ್ಲಿ. ಕಾಲು ಉದ್ದ, ಓಟ ಹಗುರ. ಹಲಗೆಗೆ ಕಾಲಿಟ್ಟ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು, ಟಪ್ ಅಂತ ಒಂದೇ ಸದ್ದು. ನಾಲ್ಕೇ ತಿಂಗಳಲ್ಲಿ 4 ಮೀಟರ್ 40 ದಾಟಿದಳು. ನಾನು ರಾತ್ರಿ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಅವಳ ಅಂಕಿ ಬರೆಯತೊಡಗಿದೆ. ಹದಿನಾಲ್ಕಕ್ಕೆ ಇಷ್ಟು, ಹದಿನಾರಕ್ಕೆ ಇಷ್ಟು. ಹದಿನೇಳನೇ ವಯಸ್ಸಿನ ಮುಂದೆ ಬರೆದದ್ದು 5.32. ಯಾಕೆ ಆ ಅಂಕಿಯನ್ನೇ ಬರೆದೆ ಅಂತ ಆಗ ಯೋಚಿಸಲಿಲ್ಲ.

ದಸರಾ ಕ್ರೀಡಾಕೂಟಕ್ಕೆ ಮೂರು ವಾರ ಇರುವಾಗ ಹಿಮ್ಮಡಿ ನೋವು ಅಂದಳು. “ಎಲ್ರಿಗೂ ಬರತ್ತೆ ಮರಿ, ಐಸ್ ಇಡು” ಅಂದೆ. ವಾರ ಬಿಟ್ಟು ಕೇಳಿದರೆ, “ಈಗಿಲ್ಲ ಮೇಡಂ” ಅಂದಳು. ನನಗೆ ಬೇಕಾಗಿದ್ದ ಉತ್ತರವೇ ಸಿಕ್ಕಿತು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಓಟ ಮುಗಿಸಿ ನಡೆದು ಬರುವಾಗ ಅವಳು ಹಿಮ್ಮಡಿ ಊರದೆ ತುದಿಗಾಲಲ್ಲಿ ಬರುತ್ತಿದ್ದಳು. ನೋಡಿದ್ದೆ. ನೋಡಿಯೂ ಸುಮ್ನೆ ಇದ್ದೆ.

ಒಂದು ಸಂಜೆ ಅವಳಮ್ಮ ಬಂದರು. ಟೈಲರಿಂಗ್ ಮಾಡುವವರು, ಕುತ್ತಿಗೆಗೆ ಅಳತೆ ಟೇಪು ಹಾಗೇ ಇತ್ತು. ಗೇಟಿನಲ್ಲೇ ನಿಂತು ಮೆಲ್ಲಗೆ ಹೇಳಿದರು, “ಮೇಡಂ, ಅವಳು ರಾತ್ರಿ ಎದ್ದು ಹಿಮ್ಮಡಿ ಹಿಡ್ಕೊಂಡು ಕೂತಿರ್ತಾಳೆ. ನಿಮಗೆ ಹೇಳ್ಬೇಡ ಅಂತಾಳೆ. ನಿಮಗೆ ಬೇಜಾರಾಗತ್ತಂತೆ.”

ಮರುದಿನ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಹಿಮ್ಮಡಿಯನ್ನು ಎರಡೂ ಬದಿಯಿಂದ ಬೆರಳಲ್ಲಿ ಒತ್ತಿದರು. ಹುಡುಗಿ ಬಾಯಿ ಬಿಡಲಿಲ್ಲ. ಆದರೆ ಕೂತಿದ್ದ ಬೆಂಚಿನ ಅಂಚನ್ನು ಹಿಡಿದ ಬೆರಳು ಬಿಳಿಚಿಕೊಂಡವು. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿ ಎಲುಬಿನ ಹಿಂಭಾಗ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ, ಮೀನಖಂಡದಿಂದ ಬರುವ ದಪ್ಪ ಸ್ನಾಯುರಜ್ಜು ಅದೇ ಜಾಗವನ್ನು ಎಳೆಯುತ್ತದೆ, ಓಡಿ ಜಿಗಿಯುವ ಮಕ್ಕಳಿಗೆ ಅಲ್ಲಿ ಊದಿಕೊಂಡು ನೋಯುತ್ತದೆ ಅಂತ ವಿವರಿಸಿದರು. ಅದಕ್ಕೆ ಸೀವರ್ಸ್ ಅಂತ ಹೆಸರು. ಜಿಗಿತ ನಿಲ್ಲಿಸಿ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ. “ಕೋಚ್ ಯಾರು?” ಅಂತ ಕೇಳಿದರು. ನಾನು ಅಂದೆ. ಅವರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ರಾತ್ರಿ ಲೆಕ್ಕದ ಪುಸ್ತಕ ತೆಗೆದು ಆ ಪುಟ ನೋಡಿದೆ. 5.32. ಆ ಮಗುವಿನ ಕಾಲಿನಲ್ಲಿ ನಾನು ಜಿಗಿಯಲು ಹೊರಟಿದ್ದೆ. ಕೋಚ್‌ಗಳಲ್ಲಿ ತುಂಬಾ ಜನ ನನ್ನ ಹಾಗೆಯೇ ಎಲ್ಲೋ ಒಂದು ಕಡೆ ನಿಂತುಹೋದವರು. ಅದೇ ನಮ್ಮನ್ನು ಬೆಳಿಗ್ಗೆ ಐದಕ್ಕೆ ಏಳಿಸುತ್ತದೆ, ಅದೇ ಮಗುವಿನ ನೋವನ್ನು ನಮ್ಮ ಕಣ್ಣಿಗೆ ಕಾಣದ ಹಾಗೆ ಮಾಡುತ್ತದೆ. ಹವಾಲ್ದಾರ್ ಸರ್ ಕೂಡ ಬಿದ್ದವರೇ. ಆದರೆ ಅವರು ಹುಡುಗರಿಗೆ ಕೊಡುವುದು ತಮಗೆ ಸಿಗದೇ ಹೋದ ಒಂದು ಮಾತನ್ನು. ನಾನು ಕೊಟ್ಟದ್ದು ನನ್ನ ಅಂಕಿಯನ್ನು.

ಹುಡುಗಿ ಆ ವರ್ಷ ಕೂಟಕ್ಕೆ ಹೋಗಲಿಲ್ಲ. ಎರಡು ತಿಂಗಳು ಜಿಗಿಯಲಿಲ್ಲ. ಆದರೆ ದಿನಾ ಬಂದು ಟೇಪಿನ ತುದಿ ಹಿಡಿಯುತ್ತಿದ್ದಳು, ಚಿಕ್ಕವರಿಗೆ ಮರಳು ಕೆದರಿ ಕೊಡುತ್ತಿದ್ದಳು. ಈಗ ಜಿಗಿಯುತ್ತಾಳೆ. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಈಗ ಯಾರೇ ಬಂದರೂ ದಿನದ ಮೊದಲ ಕೆಲಸ, ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆದು ತೋರಿಸಬೇಕು. ಎಲ್ಲಿ ನೋವಿದೆ ಅಂತ ನಾನು ಕೇಳುವುದಿಲ್ಲ, ನೋಡುತ್ತೇನೆ.

ಈ ಬೇಸಿಗೆಯಲ್ಲಿ ನನ್ನ ಮೇಷ್ಟ್ರು ಶಿವಮೊಗ್ಗಕ್ಕೆ ಬಂದಿದ್ದರು. ಯಾವುದೋ ಮದುವೆ. ಎರಡು ದಿನ ನಮ್ಮ ಮನೆಯಲ್ಲೇ ಉಳಿದರು. ನಿವೃತ್ತರಾಗಿ ಎಷ್ಟೋ ವರ್ಷ ಆಗಿದೆ, ಕಿವಿ ಸ್ವಲ್ಪ ಮಂದ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತಾಗ ಧೈರ್ಯ ಮಾಡಿ ಕೇಳಿದೆ, “ಸರ್, ನನ್ನಲ್ಲಿ ಏನು ನೋಡಿ ಅಷ್ಟು ಕಷ್ಟಪಟ್ಟು ಕಲಿಸಿದ್ರಿ?”

“ಏನ್ ನೋಡೂದು ಬಂತವಾ?” ಅಂದರು. “ನೀ ಆರರ ಬಸ್ಸಿನಾಕಿ. ನಾಕೂವರಿಗೆ ಸಾಲಿ ಬಿಡೂದು. ಬಾಕಿ ಹುಡುಗ್ರು ನಡಕೋತ ಮನಿಗೆ ಹೋಗ್ತಿದ್ರು. ನೀವು ನಾಕೈದು ಮಂದಿ ಬಸ್ಸಿಗೆ ಕಾಯ್ಕೋತ ಕಟ್ಟಿ ಮ್ಯಾಲ ಕುಂಡ್ರತಿದ್ರಿ. ನಾನರ ರೂಮಿಗೆ ಹೋಗಿ ಏನ್ ಮಾಡ್ಬೇಕಿತ್ತು? ಒಬ್ಬಾಂವ ಇದ್ದೆ. ನಿಮ್ಮೂರಾಗ ಮಳಿ ಹಿಡೀತಂದ್ರ ದಸರಾ ತನಕ ಬಿಡ್ತಿದ್ದಿಲ್ಲ. ಹಂಚಿನ ಮ್ಯಾಲಿನ ಸಪ್ಪಳ ಕೇಳ್ಕೋತ ಕುಂತ್ರ ಊರು ನೆನಪಾಗಿ ಅಳು ಬರ್ತಿತ್ತು. ನೀವು ಜಿಗ್ಯಾಕತ್ರ ಹೊತ್ತು ಹೋಗ್ತಿತ್ತು.”

ನಾನು ಬಿಡಲಿಲ್ಲ. “ಆದ್ರೂ ಸರ್, ನಾನು ಚೆನ್ನಾಗಿ ಜಿಗೀತಿದ್ದೆ ಅಲ್ವಾ?”

“ಆಮ್ಯಾಲ ಜಿಗದಿ. ಮೊದಲ ಏನಿಲ್ಲ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಳೆ ಎಷ್ಟು ಗಂಟೆಗೆ ಮೈದಾನಕ್ಕೆ ಹೋಗುತ್ತೀ ಅಂತ ಕೇಳಿದರು. ಐದೂವರೆಗೆ ಮನೆ ಬಿಡುತ್ತೇನೆ, ನೀವು ಮಲಗಿರಿ ಸರ್ ಅಂದೆ.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವರು ಜಗಲಿಯ ಮೆಟ್ಟಿಲ ಮೇಲೆ ಶೂ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಅಡುಗೆಮನೆಯಿಂದ ತಂದ ಒಂದು ಕರಟ.

“ಎಷ್ಟ್ ಮಂದಿ ಬರ್ತಾರವಾ?” ಅಂತ ಕೇಳಿದರು.

ಹದಿನೇಳು ಅಂದೆ.